ಸರ್ವಮಂಗಳಾ ಮೇಡಂ ಮತ್ತು ಉಲ್ಲಾಳದ ಹಾವು

ಬಟ್ಟೆಯ ಚೀಲದಲ್ಲಿ ಸತ್ತ ಹಾವನ್ನು ಇಟ್ಟುಕೊಂಡು ಸಿಟಿ ಬಸ್ಸಿನಲ್ಲಿ ಓಡಾಡುವ ಹೆಂಗಸನ್ನು ನಾನು ನನ್ನ ಆಯುಷ್ಯದಲ್ಲಿ ಒಬ್ಬರನ್ನೇ ಕಂಡಿದ್ದೇನೆ. ಅವರೇ ಸರ್ವಮಂಗಳಾ ಮೇಡಂ. ಹೆಂಗಸರ ಸೀಟಿನಲ್ಲಿ ಕೂತು ಚೀಲವನ್ನು ಎರಡೂ ಕೈಯಲ್ಲಿ ಮಡಿಲಿಗೆ ಒತ್ತಿ ಹಿಡಿದಿರುತ್ತಿದ್ದರು. ಪಕ್ಕದವರು, "ಏನಾಂಟಿ ಅದು, ಜಾಡಿನಾ?" ಎಂದರೆ, "ಹೌದವ್ವಾ. ಭಾಳ ಹಳೇದು, ಕೆಡದ್ಹಂಗ ಹಾಕಿಟ್ಟಾರ" ಎನ್ನುತ್ತಿದ್ದರು. "ಮಾವಿನಮಿಡಿನಾ?" ಎಂದು ಮತ್ತೆ ಕೇಳಿದರೆ, "ಅಲ್ಲ, ಇದು ಅದಕ್ಕಿಂತ ಉದ್ದಂದು" ಎಂದು ಕಿಟಕಿಯ ಕಡೆ ತಿರುಗಿಬಿಡುತ್ತಿದ್ದರು. ಸುಳ್ಳು ಹೇಳುವುದು ಅವರಿಂದ ಆಗದ ಕೆಲಸ. ಆದರೆ ಓಡುವ ಬಸ್ಸಿನಲ್ಲಿ ಎಷ್ಟು ನಿಜ ಹೇಳಿದರೆ ಸಾಕು ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ನನಗೆ ಅವರ ಪರಿಚಯವಾದದ್ದೂ ಆ ಚೀಲದಿಂದಲೇ. ಬೆಂಗಳೂರಿನ ವಿಜಯನಗರದ ಮಾರ್ಕೆಟ್ ಬೀದಿಯಲ್ಲಿ ನಮ್ಮಪ್ಪ ಹಾಕಿದ ಕನ್ನಡಕದ ಅಂಗಡಿಯನ್ನು ಈಗ ನಾನು ನಡೆಸುತ್ತೇನೆ. ಒಂದು ಬೆಳಿಗ್ಗೆ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟು, ಕಾಲಿಗೆ ಗಂಡಸರ ಸ್ಯಾಂಡಲ್ ಮೆಟ್ಟಿದ್ದ ಒಬ್ಬ ವಯಸ್ಸಾದ ಹೆಂಗಸು ಬಂದು, ಹತ್ತಿರದ ವಸ್ತು ದೊಡ್ಡದಾಗಿ ಕಾಣುವಂಥದ್ದು ಏನಾದರೂ ಮಾಡಿಕೊಡು ಎಂದರು. ನಾನು ಪದ್ಧತಿಯಂತೆ ಗೋಡೆಯ ಮೇಲಿನ ಅಕ್ಷರ ಓದಿ ಅಂದೆ.

"ಈ ಗ್ವಾಡಿ ಮ್ಯಾಲಿನ ಅಕ್ಷರ ಓದಿ ನಾ ಏನ್ ಮಾಡ್ಲಪಾ? ನನಗ ಇದು ಕಾಣಬೇಕು" ಎಂದು ಚೀಲದಿಂದ ಗಾಜಿನ ಜಾಡಿ ತೆಗೆದು ಕೌಂಟರಿನ ಮೇಲಿಟ್ಟರು.

ಒಳಗೆ ಸುರುಳಿ ಸುತ್ತಿಕೊಂಡಿದ್ದದ್ದು ಏನೆಂದು ತಿಳಿಯುವಷ್ಟರಲ್ಲಿ ನಾನು ಸ್ಟೂಲಿನ ಆ ಬದಿಯಲ್ಲಿದ್ದೆ. ಫ್ರೇಮ್ ನೋಡುತ್ತಿದ್ದ ಗಿರಾಕಿಯೊಬ್ಬರು ತಮ್ಮ ಕನ್ನಡಕವನ್ನು ಅಲ್ಲೇ ಬಿಟ್ಟು, ದರ ಕೇಳಲು ಬಂದಿದ್ದ ಫ್ರೇಮನ್ನು ಹಾಕಿಕೊಂಡೇ ರಸ್ತೆಗಿಳಿದರು.

"ಹೆದರಬ್ಯಾಡ, ಸತ್ತೈತಿ" ಎಂದು ಮೇಡಂ ಸಮಾಧಾನ ಹೇಳಿದರು. "ನೀ ಹುಟ್ಟೂಕಿಂತ ಮೊದಲ ಸತ್ತೈತಿ."

ಹೆದರಿಕೆಗೂ ಹಾವು ಸತ್ತ ತಾರೀಖಿಗೂ ಸಂಬಂಧವಿಲ್ಲ ಎಂದು ಅವರಿಗೆ ತಿಳಿಸುವುದು ನನ್ನಿಂದ ಕೊನೆಯವರೆಗೂ ಆಗಲಿಲ್ಲ. ತಲೆಗೆ ಪಟ್ಟಿ ಕಟ್ಟಿಕೊಂಡು ಕಣ್ಣಿನ ಮುಂದೆ ಇಳಿಬಿಟ್ಟುಕೊಳ್ಳುವಂಥ ಒಂದು ಭೂತಗನ್ನಡಿಯನ್ನು ಮಾಡಿಕೊಟ್ಟೆ. ಅವತ್ತಿನಿಂದ ನಾನು ಅವರಿಗೆ 'ಕನ್ನಡಕಪ್ಪ' ಆದೆ. ನನಗೆ ತಂದೆ-ತಾಯಿ ಇಟ್ಟ ಹೆಸರೊಂದಿದೆ ಎಂದು ಎರಡು-ಮೂರು ಸಲ ನೆನಪಿಸಿ ನೋಡಿದೆ, ಆಮೇಲೆ ಸುಮ್ಮನಾದೆ.

ಮೇಡಂ ರಾಣೆಬೆನ್ನೂರಿನ ಕಡೆಯವರು. ಚಿಕ್ಕ ವಯಸ್ಸಿನಲ್ಲೇ ಇಲ್ಲಿನ ಒಂದು ಕಾಲೇಜಿಗೆ ಪ್ರಾಣಿಶಾಸ್ತ್ರ ಕಲಿಸಲು ಬಂದು, ಅಲ್ಲೇ ನಿವೃತ್ತರಾಗಿ, ಬಸವೇಶ್ವರನಗರದಲ್ಲಿ ಒಂದು ಮನೆ ಮಾಡಿಕೊಂಡಿದ್ದರು. ಮಹಡಿ ಬಾಡಿಗೆಗೆ, ಕೆಳಗೆ ತಾವೊಬ್ಬರೇ. ಮದುವೆ ಆಗಿರಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ, "ಪುರುಸೊತ್ತ ಸಿಗಲಿಲ್ಲ" ಎನ್ನುತ್ತಿದ್ದರು. ಇಷ್ಟು ವರ್ಷ ಬೆಂಗಳೂರಿನಲ್ಲಿದ್ದರೂ ಅವರ ಮಾತಿಗೆ ನಮ್ಮ ಊರಿನ ಗಾಳಿ ತಾಗಿರಲಿಲ್ಲ. ಮನೆಗೆ ಹೋದರೆ ಖಾರದ ಮಂಡಕ್ಕಿ ಕೊಡುತ್ತಿದ್ದರು, ಮುಗಿಸುವ ತನಕ ಏಳಲು ಬಿಡುತ್ತಿರಲಿಲ್ಲ.

ಅವರದೊಂದು ವಿಚಿತ್ರ ಅಭ್ಯಾಸವಿತ್ತು. ಯಾವುದನ್ನೂ ಇದು ಇದೇ ಎಂದು ಹೇಳುತ್ತಿರಲಿಲ್ಲ. ಬಸ್‌ಸ್ಟಾಪಿನಲ್ಲಿ ಯಾರಾದರೂ, "ಈ ಬಸ್ಸು ಕೆಂಗೇರಿಗೆ ಹೋಗುತ್ತಾ ಮೇಡಂ?" ಎಂದು ಕೇಳಿದರೆ, "ಬೋರ್ಡು ಹಂಗ ಹೇಳತೈತಿ. ಕಂಡಕ್ಟರ್‌ನ ಕೇಳ್ರಿ" ಎನ್ನುತ್ತಿದ್ದರು. ಅವರ ಅಡುಗೆಮನೆಯ ಡಬ್ಬಿಗಳನ್ನು ನೋಡಿ ನಾನು ನಕ್ಕುಬಿಟ್ಟಿದ್ದೆ. ಒಂದರ ಮೇಲೆ 'ಕಾಫಿಪುಡಿ' ಎಂದು ಹಳೆಯ ಚೀಟಿ, ಅದರ ಕೆಳಗೆ 'ಈಗ ಜೀರಿಗೆ' ಎಂದು ಹೊಸ ಚೀಟಿ. ಹಳೆಯದನ್ನು ಕಿತ್ತು ಹಾಕಬಾರದೇ ಅಂದೆ.

"ಕೀಳಬಾರ್ದಪಾ. ಮೊದಲ ಏನಂತ ತಿಳಕೊಂಡಿದ್ವಿ ಅನ್ನೂದೂ ಗೊತ್ತಿರಬೇಕು. ಮ್ಯೂಸಿಯಮ್ಮಿನಾಗ ಇದ ಪದ್ಧತಿ. ಹಳೇ ಚೀಟಿ ಜಾಡಿಯಾಗ ಇರತೈತಿ, ಹೊಸಾದು ಅದರ ಬಾಜೂಕ ಬರತೈತಿ. ತಪ್ಪು ಮುಚ್ಚಿದ್ರ ಇನ್ನೊಬ್ಬ ಬಂದು ಅದ ತಪ್ಪು ಮಾಡ್ತಾನ."

ಮ್ಯೂಸಿಯಂ ಎಂದರೆ ಅವರ ಹಳೆಯ ಕಾಲೇಜಿನ ಹಿಂಭಾಗದ ಒಂದು ಉದ್ದ ಕೋಣೆ. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಜಾಡಿ, ಜಾಡಿಯ ತುಂಬ ಹಾವು. ಹಿಂದಿನ ಕಾಲದಲ್ಲಿ ಸುತ್ತಲಿನ ಹಳ್ಳಿಯವರು ಹೊಡೆದ ಹಾವುಗಳನ್ನು ತಂದುಕೊಡುತ್ತಿದ್ದರಂತೆ. ಈಗ ಕಾಲೇಜಿಗೆ ಕಂಪ್ಯೂಟರ್ ಇಡಲು ಜಾಗ ಬೇಕಾಗಿತ್ತು. ಜಾಡಿಗಳನ್ನು ಯೂನಿವರ್ಸಿಟಿಗೆ ಸಾಗಿಸುವ ಮೊದಲು ಒಂದೊಂದನ್ನೂ ನೋಡಿ ಹೆಸರು ಸರಿಮಾಡಿಕೊಡುತ್ತೇನೆ ಎಂದು ಮೇಡಂ ತಾವೇ ಹೋಗಿ ಕೇಳಿಕೊಂಡು ಒಪ್ಪಿಸಿದ್ದರು. ಬೆಂಗಳೂರಿನ ಪಶ್ಚಿಮದಲ್ಲಿ ಯಾವ ಯಾವ ಹಾವು ಇದ್ದವು ಎಂದು ಯಾರು ಪಟ್ಟಿ ಮಾಡಿದರೂ ಈ ಜಾಡಿಗಳ ಚೀಟಿಗಳನ್ನೇ ನಂಬಿ ಬರೆಯುತ್ತಿದ್ದರು. ಚೀಟಿಯೇ ತಪ್ಪಿದ್ದರೆ ಪಟ್ಟಿಯೂ ತಪ್ಪು, ಆ ಪಟ್ಟಿ ನೋಡಿ ಬರೆದ ಪಟ್ಟಿಯೂ ತಪ್ಪು. ನನ್ನ ಅಂಗಡಿಗೆ ಮೊದಲು ಬಂದ ಜಾಡಿಯಲ್ಲೇ 'ಕಟ್ಟುಹಾವು' ಎಂದು ಬರೆದಿತ್ತು. ಒಳಗಿದ್ದದ್ದು ಬರೀ ತೋಳಹಾವು. ಮೈಮೇಲೆ ಪಟ್ಟೆ ಇದೆ ಎನ್ನುವ ಒಂದೇ ತಪ್ಪಿಗೆ ಆ ಸಾಧು ಪ್ರಾಣಿ ವಿಷದ ಹಾವಾಗಿ ಇಷ್ಟು ವರ್ಷ ಕಪಾಟಿನಲ್ಲಿ ಕೂತಿತ್ತು.

"ಬಣ್ಣ ನೋಡಿ ಮೋಸ ಹೋಗ್ತಾರ, ತಲಿ ನೋಡಿ ಹೆದರ್ತಾರ. ಬಾಲ ಯಾರೂ ನೋಡಂಗಿಲ್ಲ" ಎನ್ನುತ್ತಿದ್ದರು ಮೇಡಂ. ಬಾಲದ ಕೆಳಗಿನ ಜೋಡಿ ಚಿಪ್ಪುಗಳನ್ನು ಎಣಿಸಿದರೆ ಎಷ್ಟೋ ಹಾವು ತನ್ನ ಹೆಸರನ್ನು ತಾನೇ ಹೇಳುತ್ತದಂತೆ. ಕಾಲೇಜಿನ ಹುಡುಗಿಯರಿಗೆ ಅವರು ಕಲಿಸಿದ್ದ ಒಂದು ಮಾತು ಕೊನೆಗೆ ಅವರ ಎಲ್ಲ ವ್ಯವಹಾರಕ್ಕೂ ಅನ್ವಯಿಸುತ್ತಿತ್ತು: "ಬಾಲ ನೋಡೂತನಕ ಬಾಯಿ ತೆರೀಬ್ಯಾಡ." ಮಹಡಿಯ ಬಾಡಿಗೆದಾರರ ಜಗಳಕ್ಕೂ ಅದೇ, ಟೀವಿಯ ಸುದ್ದಿಗೂ ಅದೇ. ನಮ್ಮ ಬೀದಿಯ ಬೇಕರಿಯವನ ಮೇಲೆ ಯಾರೋ ಏನೋ ಹೇಳಿದಾಗ ನಾನು ಚಪ್ಪರಿಸಿಕೊಂಡು ಹೋಗಿ ವರದಿ ಒಪ್ಪಿಸಿದ್ದೆ. "ನೀ ಬಾಲ ನೋಡೀಯೇನು?" ಎಂದು ಒಂದೇ ಪ್ರಶ್ನೆ ಕೇಳಿ ನನ್ನ ಅರ್ಧ ಸಂತೋಷವನ್ನು ಹಾಳು ಮಾಡಿದರು.

ಅವರ ಕಣ್ಣು ಕೈಕೊಡುತ್ತಿದೆ ಎಂದು ಮೊದಲು ಗೊತ್ತಾದದ್ದು ನನಗೇ. ಭೂತಗನ್ನಡಿಯ ಗಾಜು ಬದಲಿಸು ಎಂದು ಪದೇ ಪದೇ ಬರತೊಡಗಿದರು. ನೋಡುವ ವಸ್ತುವಿನ ಅಂಚು ಕಾಣುತ್ತದೆ, ನಡುವೆ ಮಸಿ ಬಳಿದ ಹಾಗಿರುತ್ತದೆ ಅಂದರು. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಣ್ಣಿನ ಒಳಪದರದ ನಡುಭಾಗ ವಯಸ್ಸಿನಿಂದ ಸವೆಯುತ್ತಿದೆ, ಕನ್ನಡಕದಿಂದ ಸರಿಹೋಗುವುದಲ್ಲ ಅಂದರು. ಜೀವನವಿಡೀ ಕನ್ನಡಕ ಮಾರಿದವನಿಗೆ ಆ ಮಾತು ಬಹಳ ಚುಚ್ಚಿತು. ಮೇಡಂ ಮಾತ್ರ, "ಹಂಗಾದ್ರ ಲಗೂನ ಎಣಸಬೇಕು" ಎಂದು ಎದ್ದರು.

ಉಲ್ಲಾಳದ ಜಾಡಿ ಅವರ ಕೈಗೆ ಬಂದದ್ದು ಆಗಲೇ. ಒಂದು ಸಂಜೆ ಅವರನ್ನು ಮನೆಗೆ ಬಿಡಲು ಸ್ಕೂಟರ್ ತೆಗೆದುಕೊಂಡು ಕಾಲೇಜಿಗೆ ಹೋದಾಗ, ಆ ಜಾಡಿಯ ಮುಂದೆ ಸುಮ್ಮನೆ ಕೂತಿದ್ದರು. ಚೀಟಿಯಲ್ಲಿ 'ನಾಗರಹಾವು, ಉಲ್ಲಾಳ, ತಂದವರು ಕೆಂಪಯ್ಯ' ಎಂದಿತ್ತು. ಇದು ಕಡಲತೀರದ ಉಲ್ಲಾಳವಲ್ಲ, ಬೆಂಗಳೂರಿನ ಪಶ್ಚಿಮದ ಅಂಚಿನ ಉಲ್ಲಾಳ. ಬಣ್ಣವೆಲ್ಲ ಹೋಗಿ ಹಾವು ಬಿಳಚಿಕೊಂಡಿತ್ತು. ತಲೆ, ಕುತ್ತಿಗೆ ಜಜ್ಜಿಹೋಗಿತ್ತು. ನಡುವಿಗೆ ನಸುಗೆಂಪಿನ ಒಂದು ಬಟ್ಟೆಯ ಪಟ್ಟಿ ಕಟ್ಟಿದ ಹಾಗೇ ಇತ್ತು.

"ಕನ್ನಡಕಪ್ಪಾ, ಇದು ನಾಗರ ಅಲ್ಲ ಅನಸತೈತಿ. ಬಾಲ ಭಾಳ ಉದ್ದ ಐತಿ. ಕೇರೆಹಾವು ಇರಬಹುದು."

"ಹಾಗಾದ್ರೆ ಕೇರೆ ಅಂತ ಬರೀರಿ ಮೇಡಂ, ಅದಕ್ಕೇನು?"

"ಹಂಗ ಬರ್ಯಾಕ ಬರೂದಿಲ್ಲ. ಕೆಂಪಯ್ಯ ಖರೇನ ನಾಗರ ತಂದಿರಬಹುದು, ಚೀಟಿ ಅದಲುಬದಲಾಗಿರಬಹುದು. ಮತ್ತ ನನ್ನ ಕಣ್ಣನ್ನ ನಾನ ನಂಬೂದಿಲ್ಲ ಈಗ. ಉಲ್ಲಾಳಕ್ಕ ಹೋಗಿ ಕೇಳೋಣ ನಡಿ."

ಸತ್ತ ಹಾವಿನ ವಿಳಾಸ ವಿಚಾರಿಸಲು ಉಲ್ಲಾಳಕ್ಕೆ ಹೋಗುವ ಸ್ಕೂಟರ್ ಬೆಂಗಳೂರಿನಲ್ಲಿ ನನ್ನದೊಂದೇ ಇರಬೇಕು ಎಂದು ಗೊಣಗಿಕೊಂಡೇ ಒಂದು ಭಾನುವಾರ ಹೊರಟೆ. ಉಲ್ಲಾಳ ಈಗ ಹಳ್ಳಿಯಲ್ಲ. ರಾಗಿ ಹೊಲವೆಲ್ಲ ಲೇಔಟಾಗಿದೆ. ಆದರೂ ಹಳೆಯ ಊರಿನ ಬೀದಿಯಲ್ಲಿ ಕೆಂಪಯ್ಯನ ಮನೆ ಅಂದ ಕೂಡಲೇ ತೋರಿಸಿದರು. ಕೆಂಪಯ್ಯ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮನೆಯ ಮುಂದಿನ ಕೋಣೆಯಲ್ಲಿ ಅವರ ಮಗಳು ಜಯಮ್ಮ ಹೊಲಿಗೆ ಅಂಗಡಿ ಇಟ್ಟಿದ್ದಳು. ಐವತ್ತು ದಾಟಿದ ಹೆಂಗಸು, ಮಿತವಾದ ಮಾತು, ಬ್ಲೌಸಿನ ತೋಳಿನ ಮೇಲೆ ಸಾಲಾಗಿ ಚುಚ್ಚಿದ ಗುಂಡುಪಿನ್ನು. ಜಗಲಿಯಲ್ಲಿ ಅವಳ ತಾಯಿ ಹೊನ್ನಮ್ಮ ಅವರೆಕಾಯಿ ಸುಲಿಯುತ್ತಿದ್ದರು.

ಕಾಲೇಜಿನಿಂದ ಬಂದಿದ್ದೇವೆ, ಕೆಂಪಯ್ಯನವರು ಕೊಟ್ಟ ಒಂದು ಹಾವಿನ ವಿಷಯ ಎಂದದ್ದೇ ತಡ, ಜಯಮ್ಮನ ಕೈ ಮಿಷನ್ನಿನ ಚಕ್ರದ ಮೇಲೆ ನಿಂತುಹೋಯಿತು.

"ಅದು ಇನ್ನೂ ಐತಾ ಮೇಡಂ? ಸುಟ್ಟಿಲ್ವಾ?"

"ಐತಿ."

ಹೊನ್ನಮ್ಮ ಕಾಯಿ ಬಿಟ್ಟು ಎರಡೂ ಕೈ ಜೋಡಿಸಿದರು. "ಕೊಟ್ಬುಡ್ರವ್ವಾ. ನಾನು ಕಣ್ ಮುಚ್ಚೋದ್ರೊಳಗೆ ಸಂಸ್ಕಾರ ಮಾಡ್ಬುಡ್ತೀವಿ" ಅಂದರು.

ಜಯಮ್ಮ ಹೇಳಿದ ಕತೆ ಇಷ್ಟು. ಅವಳು ಶಾಲೆಗೆ ಹೋಗುತ್ತಿದ್ದ ವಯಸ್ಸು. ಬೆಳಿಗ್ಗೆ ಹುಲ್ಲಿನ ಬಣವೆಯಿಂದ ತಾಯಿ ಹುಲ್ಲು ಹಿರಿಯುವಾಗ ಹಾವು ಎದ್ದಿತು. ಕೆಂಪಯ್ಯ ಗಾಬರಿಯಲ್ಲಿ ಗುದ್ದಲಿಯ ಹಿಂಬದಿಯಿಂದ ಬಡಿದ. ತಲೆ ಜಜ್ಜಿಹೋಯಿತು. ಸೇರಿದ ಜನರಲ್ಲಿ ಅರ್ಧ ಜನ ಕೇರೆ ಅಂದರು, ಅರ್ಧ ಜನ ನಾಗರ ಅಂದರು. ಕೇರೆಯಾದರೆ ಬೇಲಿಯಾಚೆ ಎಸೆದರಾಯಿತು. ನಾಗರವಾದರೆ ಮನುಷ್ಯರಿಗೆ ಮಾಡಿದ ಹಾಗೆ ಬೆಂಕಿ ಕೊಟ್ಟು, ಹಾಲು-ತುಪ್ಪ ಬಿಡಬೇಕು, ಇಲ್ಲದಿದ್ದರೆ ದೋಷ ಮನೆಯನ್ನು ಬಿಡುವುದಿಲ್ಲ. ಓದಿದವರೇ ಹೇಳಲಿ ಎಂದು ಕೆಂಪಯ್ಯ ಹಾವನ್ನು ಸೈಕಲ್ಲಿನ ಮೇಲೆ ಕಾಲೇಜಿಗೆ ಒಯ್ದ. ಮಧ್ಯಾಹ್ನ ಮುಖ ಕಪ್ಪಿಟ್ಟುಕೊಂಡು ಬರಿಗೈಯಲ್ಲಿ ಬಂದ.

"'ಕಾಲೇಜ್ನೋರೇ ನಾಗರ ಅಂತ ಬರುದ್ರು ಕಣೇ, ಔಷ್ದಿಗ್ ಹಾಕ್ಬುಟ್ರು, ವಾಪಸ್ ಕೊಡಕಾಗಲ್ಲ ಅಂದ್ರು' ಅಂತ ಅವ್ವನ್ ಮುಂದೆ ಅತ್ರು ಮೇಡಂ ನಮ್ಮಪ್ಪ. ಹೊಡೆದಿದ್ದೂ ಆಯ್ತು, ಸುಡೋಕೂ ಆಗ್ಲಿಲ್ಲ. ಆಮೇಲೆ ಮಾಗಡಿ ಕಡೆಯಿಂದ ಒಂದು ಗಂಡು ಒಪ್ಕೊಂಡಿತ್ತು ನಂಗೆ. ಎಲೆ-ಅಡಿಕೆನೂ ಬದಲಾಯಿಸಿದ್ರು. ಹಾವಿನ್ ವಿಷ್ಯ ಯಾರೋ ಕಿವಿಗ್ ಹಾಕಿದ್ರು, ಬಿಟ್ಬುಟ್ರು. ಇನ್ನೊಂದೂ ಹಂಗೇ ಆಯ್ತು. ಆಮೇಲೆ ಅಪ್ಪನೇ ಬೇಡ ಅಂದ್ರು. 'ನಮ್ ದೋಷ ಇನ್ನೊಬ್ರ ಮನೆಗ್ ಯಾಕ್ ಕಳ್ಸೋದು' ಅಂತ."

ಇಷ್ಟನ್ನೂ ಅವಳು ಹೊಲಿಗೆಯ ಅಳತೆ ಹೇಳುವ ದನಿಯಲ್ಲೇ ಹೇಳಿದಳು. ನಾನು ಮೇಡಂ ಮುಖ ನೋಡಿದೆ. ಅದು ಕೇರೆಹಾವು ಎಂದು ಈಗ ಹೇಳಿಬಿಡುತ್ತಾರೆ ಎಂದುಕೊಂಡೆ. ಅವರು ಹೇಳಲಿಲ್ಲ. ಬದಲಿಗೆ, "ಹಾವನ್ನ ಸೈಕಲ್ ಮ್ಯಾಲ ಹೆಂಗ ಒಯ್ದರವ್ವಾ?" ಎಂದು ಕೇಳಿದರು.

"ಕೋಲಿಗೆ ಕಟ್ಕೊಂಡು. ಕಟ್ಟೋಕೆ ಏನೂ ಸಿಗ್ಲಿಲ್ಲ, ನನ್ ಜಡೆಯಿಂದ ರಿಬ್ಬನ್ ಎಳ್ಕೊಂಡ್ರು. ಕೆಂಪ್ ರಿಬ್ಬನ್. ಅವತ್ತು ಒಂದೇ ಜಡೆಗೆ ರಿಬ್ಬನ್ ಹಾಕ್ಕೊಂಡ್ ಸ್ಕೂಲಿಗ್ ಹೋಗಿ ಬೈಸ್ಕೊಂಡಿದ್ದೆ."

ಜಾಡಿಯಲ್ಲಿದ್ದ ಆ ನಸುಗೆಂಪು ಪಟ್ಟಿ! ಚೀಟಿ ಅದಲುಬದಲಾಗಿರಲಿಲ್ಲ. ಆ ಹಾವೇ ಈ ಹಾವು.

ಮುಂದಿನ ಭಾನುವಾರ ಬರುತ್ತೇವೆ ಎಂದಷ್ಟೇ ಹೇಳಿ ಮೇಡಂ ಎದ್ದರು. ದಾರಿಯಲ್ಲಿ ಕಾಫಿಗೆ ಸ್ಕೂಟರ್ ನಿಲ್ಲಿಸಿದಾಗ, "ಅಲ್ಲೇ ಯಾಕೆ ಹೇಳ್ಲಿಲ್ಲ ಮೇಡಂ? ಪಾಪ, ಇನ್ನೂ ಒಂದು ವಾರ ಕೊರಗಬೇಕಲ್ಲ ಅವರು" ಎಂದು ಸಿಟ್ಟಿನಿಂದಲೇ ಕೇಳಿದೆ.

"ಒಮ್ಮೆ ಎಣಸದ ಹೇಳಿದ್ದಕ್ಕ ಇಷ್ಟ ಆತು. ಇನ್ನೊಮ್ಮೆ ಎಣಸದ ಹೇಳ್ಲೇನು?" ಎಂದರು. ಕಾಫಿ ಲೋಟವನ್ನು ಕುಡಿಯದೆ ಕೆಳಗಿಟ್ಟರು. "ಆ ಚೀಟಿ ಬರದಾಕಿ ನಾನ ಕನ್ನಡಕಪ್ಪಾ. ಕೆಲಸಕ್ಕ ಸೇರಿ ಸ್ವಲ್ಪ ದಿನಾ ಆಗಿತ್ತು. 'ಇದು ಯಾವ ಹಾವಪ್ಪಾ' ಅಂತ ನಾ ಅವನ್ನ ಕೇಳಿದೆ. ನಾಗರ ಇರಬೇಕವ್ವಾ ಅಂದ. ಅವಂಗ ಅನುಮಾನ ಇತ್ತು. ಅನುಮಾನ ಬಗೀಹರಸ್ಕೊಳ್ಳಾಕ ಬಂದಿದ್ದ. ನಾ ಅದನ್ನ ಕೇಳಿಸ್ಕೊಳ್ಳಲಿಲ್ಲ."

ಯಾವ ಬಸ್ಸಿನ ಬೋರ್ಡನ್ನೂ ನಂಬದ ಆ ಹೆಂಗಸು ಒಂದೇ ಒಂದು ಸಲ ಒಬ್ಬನ ಮಾತು ನಂಬಿ ಬರೆದಿದ್ದರು. ಅವರ ಕಾಫಿ ಆರಿಹೋಗಿತ್ತು, ಇನ್ನೊಂದು ತರಿಸಿದೆ.

ಮುಂದಿನ ಭಾನುವಾರ ಪ್ರಿನ್ಸಿಪಾಲರ ಒಪ್ಪಿಗೆ ಪಡೆದು ಎರಡು ಜಾಡಿ ಒಯ್ದೆವು. ಒಂದು ಉಲ್ಲಾಳದ್ದು, ಇನ್ನೊಂದು ಹೆಡೆಯೆಲ್ಲ ಸರಿಯಾಗಿದ್ದು ಯಾರೂ ಅನುಮಾನಪಡಲಾಗದ ನಾಗರ. ಎರಡೂ ನನ್ನ ಕಾಲುಗಳ ನಡುವೆ, ಸ್ಕೂಟರಿನ ಮುಂಭಾಗದಲ್ಲಿ. ನಾಯಂಡಹಳ್ಳಿಯ ಸಿಗ್ನಲ್ಲಿನಲ್ಲಿ ಜಾಡಿಗಳು ಟಣ್ ಅಂದಾಗಲೆಲ್ಲ ನಾನು ಮನೆದೇವರನ್ನು ನೆನೆಯುತ್ತಿದ್ದೆ.

ಜಯಮ್ಮನ ಮನೆಯ ಅಂಗಳದಲ್ಲಿ ಒಂದು ಸ್ಟೀಲಿನ ತಟ್ಟೆ ಇಟ್ಟು, ಗ್ಲೌಸು ಹಾಕಿಕೊಂಡು ಮೇಡಂ ಎರಡೂ ಹಾವುಗಳನ್ನು ನೀರಿನಲ್ಲಿ ತೊಳೆದು ಅಕ್ಕಪಕ್ಕ ಮಲಗಿಸಿದರು. ರಿಬ್ಬನ್ ನೋಡಿದ ಜಯಮ್ಮ ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು. ನಾನು ಮಾವಿನ ಮರದ ಹತ್ತಿರ ನಿಂತೆ. ಅಲ್ಲಿಂದ ಗೇಟು ಹತ್ತಿರ.

"ಜಯಮ್ಮಾ, ನನ್ನ ಕಣ್ಣು ಹೋಗ್ಯಾವ. ನಿಂದು ಹೆಮ್ಮಿಂಗ್ ಮಾಡೂ ಕಣ್ಣು. ನೀನ ಎಣಸು" ಎಂದು ಮೇಡಂ ತಮ್ಮ ಭೂತಗನ್ನಡಿಯನ್ನು ಅವಳ ತಲೆಗೆ ಕಟ್ಟಿದರು. ಬಾಲದ ಚಿಪ್ಪು ಎಲ್ಲಿಂದ ಶುರು ಎಂದು ಬೆರಳಿನಿಂದ ತಡವಿ ತೋರಿಸಿದರು. "ಹತ್ತು ಜೋಡಿಗೊಂದು ಪಿನ್ನು ಚುಚ್ಚಕೋತ ಹೋಗು. ತಪ್ಪಿದ್ರ ಮತ್ತ ಮೊದಲಿಂದ. ಯಾರೂ ಏನೂ ಮಾತಾಡಂಗಿಲ್ಲ."

ಜಯಮ್ಮ ತೋಳಿನಿಂದ ಒಂದೊಂದೇ ಪಿನ್ನು ತೆಗೆದು ಮೊದಲು ನಾಗರದ ಬಾಲ ಎಣಿಸಿದಳು. ಆರನೇ ಪಿನ್ನು ಚುಚ್ಚಿ ಸ್ವಲ್ಪದರಲ್ಲೇ ಬಾಲ ಮುಗಿಯಿತು. ಆಮೇಲೆ ಉಲ್ಲಾಳದ ಹಾವು. ಆರನೇ ಪಿನ್ನಾಯಿತು. ಬಾಲ ಇನ್ನೂ ಇತ್ತು. ಎಂಟಾಯಿತು, ಹತ್ತಾಯಿತು. ತೋಳಿನಲ್ಲಿದ್ದ ಪಿನ್ನು ಮುಗಿದು ಅವಳು ತಲೆಯೆತ್ತಿದಳು. "ಪಿನ್ ಸಾಲ್ತಿಲ್ಲ ಮೇಡಂ" ಅಂದಳು.

"ಹಂಗಾದ್ರ ಅದು ಏನು?"

"ನಾಗರ ಅಲ್ಲ."

"ಮತ್ತೊಮ್ಮೆ ಎಣಸ್ತಿ?"

ಮತ್ತೊಮ್ಮೆ ಎಣಿಸಿದಳು. ಪಿನ್ನು ಮತ್ತೂ ಸಾಲಲಿಲ್ಲ. ಆಗ ಮೇಡಂ ಹೇಳಿದರು, "ಕೇರೆಹಾವು. ವಿಷಾ ಇಲ್ಲ, ಹೆಡಿ ಇಲ್ಲ, ದೋಷಾ ಇಲ್ಲ. ನಾಗರ ಅಂತ ತಪ್ಪು ಬರದಾಕಿ ನಾನು."

ಜಯಮ್ಮ ಮೊದಲು ನಕ್ಕಳು. "ಕೇರೆನಾ? ಒಂದ್ ಕೇರೆಹಾವಿಗೆ ನನ್ ಮದುವೆ ನಿಂತೋಯ್ತಾ ಮೇಡಂ?" ಎಂದು ನಗುತ್ತಲೇ ಇದ್ದವಳು, ಆ ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತು ಎಂದು ತಿಳಿಯದಂತೆ ಅತ್ತಳು. 

"ಅವತ್ತೇ ಎಣಿಸ್ಬೋದಿತ್ತಲ್ವಾ?"

"ಎಣಸಬಹುದಿತ್ತು."

"ಎಷ್ಟೊತ್ತಿನ್ ಕೆಲ್ಸ ಮೇಡಂ ಇದು! ಯಾಕ್ ಎಣಿಸ್ಲಿಲ್ಲ?"

"ನಿಮ್ಮಪ್ಪ ಹೇಳಿದಾ ಅಂತ ನಾ ಬರದೆ. ನಾ ಬರದೆ ಅಂತ ನಿಮ್ಮಪ್ಪ ನಂಬಿದಾ. ನಡುವ ಹಾವನ್ನ ಯಾರೂ ನೋಡಲಿಲ್ಲವ್ವಾ." ಮೇಡಂ ಕ್ಷಮೆ ಎನ್ನುವ ಪದ ಬಳಸಲಿಲ್ಲ. ಜಯಮ್ಮನ ಮುಂದೆ ಒದ್ದೆ ಕೈಯಲ್ಲಿ ನಿಂತೇ ಇದ್ದರು, ಬೈಯಲಿ ಎಂದು ಕಾಯುವವರ ಹಾಗೆ. ಜಯಮ್ಮ ಬೈಯಲಿಲ್ಲ. ತಲೆಯ ಪಟ್ಟಿ ಬಿಚ್ಚಿ ತಟ್ಟೆಯ ಪಕ್ಕ ಇಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹೊಲಿಗೆ ಮಿಷನ್ನಿನ ಸದ್ದು ಕೇಳಿತು. ಅದು ಬಟ್ಟೆಯಿಲ್ಲದೆ ಓಡಿಸುವ ಸದ್ದು.

ಹೊನ್ನಮ್ಮನಿಗೆ ಮಾತ್ರ ಬೇರೆ ಚಿಂತೆ. "ಕೇರೆ ಆದ್ರೇನವ್ವಾ, ಹೊಡೆದಿದ್ದು ಹೊಡೆದಿದ್ದೇ. ನಾಗರಪ್ಪಂಗಾದ್ರೆ ಊರೆಲ್ಲಾ ಹಾಲೆರೀತದೆ. ಪಾಪ, ಕೇರೆಗೆ ಯಾರವ್ರೆ?" ಎಂದು ಒಳಗಿನಿಂದ ಒಂದು ಲೋಟ ಹಾಲು ತಂದರು. ಹಾವಿನ ಮೇಲೆ ಹಾಲು ಬಿದ್ದರೆ ಕೆಡುತ್ತದೆ ಎಂದು ಮೇಡಂ ಹೇಳಲಿಲ್ಲ. "ಇದನ್ನ ಸುಡಾಕ ಕೊಡಾಕ ಬರೂದಿಲ್ಲ ಯವ್ವಾ. ಸುಟ್ರ ಇದು ಕೇರೆ ಅನ್ನೂದಕ್ಕ ಸಾಕ್ಷಿ ಉಳಿಯಂಗಿಲ್ಲ. ನಾಳೆ ಮತ್ತ ಯಾರರ ನಾಗರ ಅಂದಾರು" ಎಂದು ತಿಳಿಸಿ ಹೇಳಿದರು. ಹೊನ್ನಮ್ಮ ಯೋಚಿಸಿ, ತಟ್ಟೆಯ ಪಕ್ಕದ ಮಣ್ಣಿಗೆ ಹಾಲು ಬಿಟ್ಟು ಕೈಮುಗಿದರು. 'ಕೇರೆಗೆ ಯಾರವ್ರೆ' ಎನ್ನುವ ಮಾತನ್ನು ಮೇಡಂ ಆಮೇಲೆ ನನಗೆ ಎಷ್ಟೋ ಸಲ ಹೇಳಿದ್ದಾರೆ. "ನಾ ಓದಿದ ಪುಸ್ತಕದಾಗ ಇದು ಇರಲಿಲ್ಲ" ಎನ್ನುತ್ತಿದ್ದರು.

ಆ ಜಾಡಿಯಲ್ಲಿ ಈಗ ಎರಡು ಚೀಟಿಗಳಿವೆ. ಹಳೆಯದು ಹಾಗೇ ಇದೆ. ಹೊಸದರಲ್ಲಿ ಮೇಡಂ ಅಂಕುಡೊಂಕಾದ ಅಕ್ಷರದಲ್ಲಿ ಹೀಗೆ ಬರೆದಿದ್ದಾರೆ: 'ಕೇರೆಹಾವು. ಉಲ್ಲಾಳ. ತಂದವರು ಕೆಂಪಯ್ಯ. ತಪ್ಪು ಬರೆದವರು ಸರ್ವಮಂಗಳಾ. ಗುರುತಿಸಿದವರು ಜಯಮ್ಮ.' ಹಾವು ಗುರುತಿಸಿದವರ ಹೆಸರು ಬರೆಯುವುದು ಆ ವಿದ್ಯೆಯ ಕ್ರಮವಂತೆ. ಅಲ್ಲಿಯವರೆಗೆ ಆ ಕೋಣೆಯ ಜಾಡಿಗಳಲ್ಲಿ ಡಿಗ್ರಿ ಇಲ್ಲದ ಒಂದು ಹೆಸರೂ ಇರಲಿಲ್ಲ. ಹಳೆಯ ಪಟ್ಟಿಗಳನ್ನು ಮಾಡಿದವರಿಗೆಲ್ಲ ನನ್ನ ಕೈಯಲ್ಲಿ ಮೇಲ್ ಬರೆಸಿ, ಉಲ್ಲಾಳದ ನಾಗರವನ್ನು ತೆಗೆಯಿರಿ ಎಂದು ತಿಳಿಸಿದರು.

ಜಯಮ್ಮ ಇನ್ನು ನಮ್ಮ ಮುಖ ನೋಡುವುದಿಲ್ಲ ಎಂದುಕೊಂಡಿದ್ದೆ. ಕೆಲವು ವಾರಗಳ ನಂತರ ಒಂದು ದಿನ ಅಂಗಡಿಗೆ ಬಂದಳು. ಕನ್ನಡಕಕ್ಕೆ ಬಂದಿರಬೇಕೆಂದು ಸ್ಟೂಲು ಎಳೆದೆ.

"ಬೇಡಣ್ಣ. ಆ ಕೋಣೆಯಲ್ಲಿ ಇನ್ನೂ ಎಷ್ಟು ಹಾವವೆ?"

"ಬೇಕಾದಷ್ಟಿವೆ. ಯಾಕಮ್ಮಾ?"

"ಒಂದೊಂದರ ಹಿಂದೂ ಯಾರ್ ಯಾರ ಮನೆ ಐತೋ, ಯಾರ್ಗೊತ್ತು. ಮೇಡಂಗೆ ಕಣ್ ಕಾಣಲ್ಲ ಅಂದ್ರಲ್ಲ. ನಾನು ಎಣಿಸ್ಕೊಡ್ತೀನಿ."

ಅಲ್ಲಿಂದ ಮುಂದೆ ವಾರಕ್ಕೊಮ್ಮೆ ತನ್ನ ಹೊಲಿಗೆ ಅಂಗಡಿಗೆ ಬೀಗ ಹಾಕಿ ಉಲ್ಲಾಳದಿಂದ ಬಸ್ಸು ಹಿಡಿದು ಕಾಲೇಜಿಗೆ ಬರುತ್ತಿದ್ದಳು. ಜಯಮ್ಮ ಎಣಿಸುವುದು, ಮೇಡಂ ಬರೆಯುವುದು. ಮೇಡಂ ಕಣ್ಣು ಪೂರ್ತಿ ಮಸುಕಾದ ಮೇಲೆ ಬರೆಯುವ ಕೆಲಸ ನನಗೆ ಬಂತು. ಜಾಡಿಗಳಿಗೆ ಬೆನ್ನು ಮಾಡಿ ಕೂತು ನಾನೂ ಬರೆದೆ. ಅವರಿಬ್ಬರ ನಡುವೆ ಹಳೆಯ ಮಾತು ಮತ್ತೆ ಬರಲಿಲ್ಲ. ಒಮ್ಮೆ ಮಾತ್ರ ಮೇಡಂ ಇದ್ದಕ್ಕಿದ್ದಂತೆ, "ಮಾಗಡಿ ಹುಡುಗ ಹೆಂಗಿದ್ದ?" ಎಂದು ಕೇಳಿದರು. ಜಯಮ್ಮ ಬಾಲದಿಂದ ಕಣ್ಣು ಕೀಳದೆ, "ಉದ್ದಕ್ಕಿದ್ದ ಮೇಡಂ. ನೀವು ಮಾತಾಡಿಸ್ಬೇಡಿ, ಲೆಕ್ಕ ತಪ್ಪುತ್ತೆ" ಅಂದಳು. ಮೂವರೂ ನಕ್ಕೆವು. ಆ ನಗು ನನಗೆ ಈಗಲೂ ಬೇಕೆನಿಸುತ್ತದೆ.

ಕೊನೆಯ ಜಾಡಿಯೂ ಯೂನಿವರ್ಸಿಟಿಗೆ ಹೋದ ಮೇಲೆ ಮೇಡಂ ಹೆಚ್ಚು ದಿನ ಇರಲಿಲ್ಲ. ನಿದ್ದೆಯಲ್ಲೇ ಹೋದರು. ಬಸವೇಶ್ವರನಗರದ ಮನೆಯ ಹಾಲ್‌ನಲ್ಲಿ, ಅವರ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಅದೇ ಇಳಕಲ್ ಸೀರೆ. ಜಯಮ್ಮ ಅವರ ಪಕ್ಕದಲ್ಲಿ ಕೂತು ಹೂವು ಜೋಡಿಸುತ್ತಿದ್ದಳು. ಬೀದಿಯ ಜನ ಬಂದು ಹೋಗುತ್ತಿದ್ದರು.

ಎದುರುಮನೆಯ ಹೆಂಗಸು ಸೋಫಾದ ತುದಿಯಲ್ಲಿ ಕೂತು ಪಕ್ಕದವರಿಗೆ ಮೆಲ್ಲಗೆ ಹೇಳುತ್ತಿದ್ದರು. "ಎಷ್ಟೇ ಒಳ್ಳೇವ್ರಾದ್ರೂ ನಾಗಪ್ಪನ್ನ ಬಾಟ್ಲಲ್ಲಿಟ್ಟು ಆಟ ಆಡಿದ್ರಲ್ವಾ? ಕಣ್ಣು ಹೋಗಿದ್ದು ನೋಡಿ, ಮದುವೆ ಇಲ್ಲ, ಮಕ್ಕಳಿಲ್ಲ. ಸರ್ಪದೋಷ ಕಣ್ರೀ, ಇನ್ನೇನು."

ಪಕ್ಕದವರು ಹೌದೆಂಬಂತೆ ತಲೆಯಾಡಿಸಿದರು. ನನಗೆ ರಕ್ತ ಕುದಿಯಿತು, ಆದರೆ ಸಾವಿನ ಮನೆಯಲ್ಲಿ ಏನೆಂದು ಜಗಳವಾಡುವುದು? ಜಯಮ್ಮ ಕೈಯಲ್ಲಿದ್ದ ಹೂವನ್ನು ಕೆಳಗಿಟ್ಟಳು.

"ಆಂಟಿ, ನೀವು ಬಾಲ ನೋಡಿದ್ರಾ?" ಎಂದು ಕೇಳಿದಳು.

"ಯಾವ ಬಾಲಮ್ಮ?"

"ನೋಡಿಲ್ಲ ತಾನೇ? ಹಂಗಾದ್ರೆ ಬಾಯಿ ತೆರೀಬೇಡಿ."

ದನಿ ಏರಿಸಲಿಲ್ಲ. ಅಳತೆ ಹೇಳುವ ಅದೇ ದನಿ. ಜಯಮ್ಮ ಮೇಡಂ ಕಡೆಗೆ ತಿರುಗಿ, ಜಾರಿದ್ದ ಸೆರಗನ್ನು ಹೆಗಲ ಮೇಲೆ ಸರಿಮಾಡಿ, ತನ್ನ ತೋಳಿನಿಂದ ಒಂದು ಗುಂಡುಪಿನ್ನು ತೆಗೆದು ಅದಕ್ಕೆ ಚುಚ್ಚಿದಳು.